ಹುಟ್ಟುಗುಣವೋ ಸಹವಾಸವೋ: 8 ವರ್ಷದ ಹುಡುಗನ ಪ್ರಕರಣ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ತೋಟದ ಮನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗ ಅಜ್ಜಿಯ ಕಪಾಟಿನಿಂದ ಮೂರು ಸಲ ಹಣ ತೆಗೆದು ಸಿಕ್ಕಿಬಿದ್ದಿದ್ದ. ಒಟ್ಟು 350 ರೂಪಾಯಿ.

ಮನೆಯವರು ಅವನನ್ನು ಕರೆದುಕೊಂಡು ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಅಜ್ಜಿ ಕೂತ ಕೂಡಲೇ ಹೇಳಿದರು: "ಹುಟ್ಟುಗುಣ ಸುಟ್ಟರೂ ಹೋಗ್ಲಿಕ್ಕಿಲ್ಲ ಮೇಡಂ. ಇವನ ಸೋದರಮಾವನೂ ಹೀಗೇ." ಸೊಸೆ ತಲೆ ತಗ್ಗಿಸಿದರು. ಅಪ್ಪನ ವಾದ ಬೇರೆ. ಶಾಲೆ ಬಸ್ಸಿನ ದೊಡ್ಡ ಹುಡುಗರು ಕೆಡಿಸಿದ್ದಂತೆ, "ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ" ಅಂದರು. ಒಂದು ತಿಂಗಳಿಂದ ಮನೆಯಲ್ಲಿ ಇದೇ ಜಗಳ. ಹುಡುಗನನ್ನು ಯಾರೂ ಏನೂ ಕೇಳಿರಲಿಲ್ಲ.

ಅವನನ್ನು ಒಬ್ಬನೇ ಕೂರಿಸಿಕೊಂಡೆ. "ಟೀಚರ್ ಅಡ್ಡಿಯಿಲ್ಲ ಅಂದರೆ ಯೂನಿಫಾರಂ ಹಾಕದೆ ಹೋಗಬಹುದಾ?"

"ಹೋಗ್ಬಹುದು."

"ಟೀಚರ್ ಅಡ್ಡಿಯಿಲ್ಲ ಅಂದರೆ ಪಕ್ಕದವನಿಗೆ ಹೊಡೀಬಹುದಾ?"

"ಅದು ಹೇಗೆ? ಅವನಿಗೆ ನೋವಾಗ್ತದಲ್ಲ!"

ಮನೋವಿಜ್ಞಾನಿ ಎಲಿಯಟ್ ಟುರಿಯಲ್ ಮತ್ತು ಸಂಗಡಿಗರು ಇಂಥ ಪ್ರಶ್ನೆಗಳನ್ನೇ ಮಕ್ಕಳಿಗೆ ಕೇಳುತ್ತಿದ್ದರು. ಬರೀ ಕಟ್ಟಳೆ ಯಾವುದು, ಇನ್ನೊಬ್ಬರಿಗೆ ನೋವು ಮಾಡುವ ತಪ್ಪು ಯಾವುದು ಎಂಬ ವ್ಯತ್ಯಾಸ ಶಾಲೆ ಸೇರುವ ಮೊದಲೇ ಮಕ್ಕಳಿಗೆ ತಿಳಿಯುತ್ತದೆ. ಇವನಿಗೂ ತಿಳಿದಿತ್ತು.

"ಅಜ್ಜಿಯ ಹಣ?"

"ಅಜ್ಜಿಗೆ ಎಂತ ಆಗ್ಲಿಕ್ಕಿಲ್ಲ. ಅವರಲ್ಲಿ ತುಂಬ ಉಂಟು."

"ಸುಳ್ಳು ಹೇಳಬಹುದಾ?"

"ಫೋನಿನಲ್ಲಿ ಹೇಳ್ಬಹುದು."

ಕುರಿಯ (ಚೀಟಿ ಫಂಡಿನ) ಕಂತು ಕೇಳಿ ಫೋನ್ ಬಂದರೆ ಅಪ್ಪ ಮನೆಯಲ್ಲಿಲ್ಲ ಅಂತ ಹೇಳುವುದು ಅವನ ಕೆಲಸ. ಎಷ್ಟು ಚೊಕ್ಕ ಮಲಯಾಳ ಮಾತಾಡ್ತಾನೆ ಎಂದು ಮನೆಯವರು ಹೊಗಳುತ್ತಿದ್ದರು. ಬಸ್ಸಿನ ಹುಡುಗರನ್ನು ದೂರುತ್ತಿದ್ದ ಅಪ್ಪನಿಗೆ ಇದನ್ನು ಹೇಳುವುದು ನನಗೆ ಸುಲಭವಾಗಲಿಲ್ಲ. ಆದರೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಾಳೆಯಿಂದ ನಾನೇ ಮಾತಾಡ್ತೇನೆ" ಎಂದರು.

ಕದಿಯದಿದ್ದರೆ ವಾರಕ್ಕೆ 20 ರೂಪಾಯಿ ಕೊಡುವ ಯೋಚನೆಯೂ ಅವರಿಗಿತ್ತು. ಬೇಡ ಎಂದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2006ರಲ್ಲಿ ತೋರಿಸಿದಂತೆ, ಒಂದೂವರೆ ವರ್ಷದ ಕೂಸುಗಳು ಕೂಡ ಅಪರಿಚಿತರ ಕೈಯಿಂದ ಬಿದ್ದ ವಸ್ತುವನ್ನು ತಾವಾಗಿ ಎತ್ತಿಕೊಡುತ್ತವೆ. 2008ರಲ್ಲಿ ಇದೇ ಇಬ್ಬರು ಸಹಾಯಕ್ಕೆ ಪ್ರತಿಫಲವಾಗಿ ಆಟದ ಸಾಮಾನು ಕೊಟ್ಟು ನೋಡಿದರು. ಪ್ರತಿಫಲ ನಿಂತ ಮೇಲೆ ಆ ಮಕ್ಕಳ ಸಹಾಯವೇ ಕಡಿಮೆಯಾಯಿತು. ಒಳಗಿಂದ ಬರುವುದಕ್ಕೆ ಬೆಲೆ ಕಟ್ಟಿದರೆ ಅದು ವ್ಯಾಪಾರವಾಗಿಬಿಡುತ್ತದೆ.

ಅಜ್ಜಿಗೆ ಎರಡು ಮಾತು ಹೇಳಿದೆ. ಮಗುವಿನೆದುರು ಸೋದರಮಾವನ ಹೆಸರೆತ್ತಬೇಡಿ. ಕಳ್ಳ ಎಂದು ಕರೆಯುತ್ತಾ ಹೋದರೆ ಅವನು ಆ ಹೆಸರಿಗೆ ಓಗೊಡಲು ಕಲಿಯುತ್ತಾನೆ. ಮತ್ತೆ, ಆ ಹಣ ಯಾವುದಕ್ಕೆ ಇಟ್ಟದ್ದು ಎಂದು ಬೈಯದೆ ನೀವೇ ಅವನಿಗೆ ತಿಳಿಸಿ. ಅಲ್ಲೇ ತಿಳಿಸಿದರು. ಬಿಪಿ ಮಾತ್ರೆಗೆ ಇಟ್ಟದ್ದು. ಹಣ ಕಾಣದೆ ನಾಲ್ಕು ದಿನ ಮಾತ್ರೆ ತಿಂದಿರಲಿಲ್ಲ, ಮಗನ ಹತ್ತಿರ ಕೇಳಲು ಸಂಕೋಚ. ಹುಡುಗ ಅಜ್ಜಿಯ ಮುಖವನ್ನೇ ನೋಡಿದ. "ತಲೆ ತಿರುಗಿತಾ ಅಜ್ಜಿ?" ಅಂತ ಕೇಳಿ ಅಳತೊಡಗಿದ. ಒಂದು ತಿಂಗಳ ಬೈಗುಳಕ್ಕೆ ಒಮ್ಮೆಯೂ ಅತ್ತಿರಲಿಲ್ಲವಂತೆ.

ಬಿಸು (ಸೌರ ಯುಗಾದಿ) ಹಬ್ಬಕ್ಕೆ ಸಿಕ್ಕಿದ 200 ರೂಪಾಯಿಯನ್ನು ಅವನೇ ತಂದು ಅಜ್ಜಿಗೆ ಕೊಟ್ಟಿದ್ದಾನೆ. ಉಳಿದ 150ರ ಲೆಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾನೆ. ಫೋನ್ ಬಂದರೆ ಅಪ್ಪನ ಕೈಗೆ ಕೊಟ್ಟು ಆಡಲು ಓಡುತ್ತಾನೆ. ಸೋದರಮಾವನ ಮಾತು ಮಾತ್ರ ಅಡುಗೆಮನೆಯಲ್ಲಿ ಇನ್ನೂ ಪೂರ್ತಿ ನಿಂತಿಲ್ಲ. ಸೊಸೆಯನ್ನು ಮುಂದಿನ ವಾರ ಒಬ್ಬರನ್ನೇ ಬರಹೇಳಿದ್ದೇನೆ.