ಪಾಲಿಶ್ ಮಷಿನ್ ಸದ್ದಿಗೆ ಕಿವಿ ಹೋದರೆ ಪರಿಹಾರ ಸಿಗುತ್ತದಾ?

ಪ್ರಶ್ನೆ: ಅಕ್ಕಾರೆ, ನಮ್ಮ ಮನೆಯವರಿಗೆ 45 ವರ್ಷ. ಶಹಾಬಾದ್ ಹತ್ತಿರ ಕಲ್ಲು ಕೊಯ್ದು ಪಾಲಿಶ್ ಮಾಡುವ ಕಡೆ 14 ವರ್ಷದಿಂದ ಮಷಿನ್ ಮೇಲೆ ಇದ್ದಾರೆ. ಕೆಲಸದವರು ಏಳೇ ಮಂದಿ. ತಿಂಗಳಿಗೆ 14,000 ರೂಪಾಯಿ ಕೈಗೆ ಕೊಡುತ್ತಾರೆ, ಚೀಟಿ ಏನೂ ಇಲ್ಲ. ಎರಡು ವರ್ಷದಿಂದ ಮಾತು ಸರಿಯಾಗಿ ಕೇಳಿಸುತ್ತಿಲ್ಲ. ರಾತ್ರಿ ಕಿವಿ ಗುಂಯ್ ಅನ್ನುತ್ತದೆ ಅಂತ ಎದ್ದು ಕೂರುತ್ತಾರೆ. ಸಾವ್ಕಾರರನ್ನು ಕೇಳಿದರೆ, 'ವಯಸ್ಸಾಯ್ತು. ಕೈಯೋ ಕಾಲೋ ಮುರಿದಿದ್ದರೆ ನೋಡಬಹುದಿತ್ತು' ಅಂದರು. ಕೆಲಸ ಬಿಡುವ ಹಾಗಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಚಿತ್ತಾಪುರ ತಾಲೂಕು

ಉತ್ತರ: ತಂಗಿ, ನಿಮ್ಮ ಕಾಗದ ಓದುತ್ತಾ ನಮ್ಮ ಅಪ್ಪ ಕಣ್ಣ ಮುಂದೆ ಬಂದರು. ಅವರೂ ಕಲ್ಲು ಕೊಯ್ಯುವ ಮಷಿನ್ ಮೇಲೇ ಇದ್ದವರು. ಬರ್ತಾ ಬರ್ತಾ ಮಾತು ಕಡಿಮೆ ಮಾಡಿದರು. ಅವರ ಸ್ವಭಾವವೇ ಹಾಗೆ ಅಂದುಕೊಂಡೆವು. ಅವ್ವ 'ಸಾರು ಹಾಕಲಾ' ಅಂದರೆ 'ಯಾರು?' ಅನ್ನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಸದ್ದಿನಿಂದ ಕಿವಿ ಹೋಗುವಾಗ ಮೊದಲು ಹೋಗುವುದು ಸಣ್ಣ, ಚೂಪು ದನಿ. ಸ, ಶ ಅಕ್ಷರಗಳು ಜಾರಿಬಿಡುತ್ತವೆ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಒಳಕಿವಿಯಲ್ಲಿ ಸತ್ತ ಸೂಕ್ಷ್ಮ ಕೂದಲಿನಂಥ ಕೋಶಗಳು ಮತ್ತೆ ಹುಟ್ಟುವುದಿಲ್ಲ.

ಅಪ್ಪ ಯಾರಿಗೂ ಒಂದು ಸಾಲು ಬರೆದು ಕೊಡಲಿಲ್ಲ. ಹಾಗಾಗಿ ಒಂದು ರೂಪಾಯಿಯೂ ಬರಲಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಸಾವ್ಕಾರರ ಮಾತು ತಪ್ಪು. ಸದ್ದಿನಿಂದ ಆಗುವ ಕಿವುಡು 1923ರ ನೌಕರರ ಪರಿಹಾರ ಕಾಯ್ದೆಯ ಕಸುಬಿನ ರೋಗಗಳ ಪಟ್ಟಿಯಲ್ಲೇ ಇತ್ತು. ಅದರ ಬದಲಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಒಬ್ಬರ ಹತ್ತಿರವೇ ಆರು ತಿಂಗಳು ಬಿಡದೆ ದುಡಿದಿದ್ದರೆ ಸಾಕು, ರೋಗ ಕೆಲಸದಿಂದಲೇ ಬಂತು ಅಂತ ಕಾನೂನು ಹಿಡಿಯುತ್ತದೆ. ಅಲ್ಲ ಅನ್ನುವುದಾದರೆ ಸಾವ್ಕಾರರೇ ಸಾಬೀತು ಮಾಡಬೇಕು. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಸಾಮಾನ್ಯವಾಗಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುವುದಿಲ್ಲ. ಇದ್ದರೆ ಮಾತ್ರ ಇಎಸ್‌ಐಯಲ್ಲೇ ಕೇಳಬೇಕಾಗುತ್ತದೆ.

ಮೊದಲು ಕಿವಿ ಪರೀಕ್ಷೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋಗಿ ಆಡಿಯೋಗ್ರಾಂ ಮಾಡಿಸಿ. ಯಾವ ದನಿ ಎಷ್ಟು ಕೇಳಿಸುತ್ತದೆ ಅಂತ ಗೆರೆ ಎಳೆದು ತೋರಿಸುವ ಪರೀಕ್ಷೆ ಅದು. ವಾರದ ರಜೆಯ ಮರುದಿನ ಬೆಳಿಗ್ಗೆಯೇ ಹೋಗಿ, ಮಷಿನ್ ಹತ್ತಿರ ಹೋಗುವ ಮುಂಚೆ. ಸದ್ದಿನಿಂದ ಎದ್ದು ಬಂದ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ, ಆಗ ಲೆಕ್ಕ ಸರಿ ಬರುವುದಿಲ್ಲ. ಸದ್ದಿಗೆ ಕೆಟ್ಟ ಕಿವಿಯ ಗೆರೆ ಸಾಮಾನ್ಯವಾಗಿ 4,000 ಹರ್ಟ್ಸ್ ಹತ್ತಿರ ಗುಂಡಿ ಬಿದ್ದ ಹಾಗೆ ಇಳಿಯುತ್ತದೆ, ಎರಡೂ ಕಡೆ. ವಯಸ್ಸಿನ ಮಾತಿಗೆ ಅದೇ ಉತ್ತರ. ಎಷ್ಟು ವರ್ಷ ಯಾವ ಮಷಿನ್ ಮೇಲೆ ಅನ್ನುವುದನ್ನು ಡಾಕ್ಟರ್ ಚೀಟಿಯಲ್ಲಿ ಬರೆಸಿ.

ಅದು ಕೈಗೆ ಬಂದ ಕೂಡಲೇ ಸಾವ್ಕಾರರಿಗೆ ಕನ್ನಡದಲ್ಲೇ ನೋಟಿಸ್ ಬರೆದು ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಜೋಪಾನ ಮಾಡಿ. ಕೆಲಸಕ್ಕೆ ಹೋಗುತ್ತಲೇ ಇದ್ದವರಿಗೆ ಪರಿಹಾರ ಕೇಳಲು ಇರುವ ಎರಡು ವರ್ಷದ ಗಡುವು ಶುರುವಾಗುವುದು ಈ ನೋಟಿಸ್ ಕೊಟ್ಟ ದಿನದಿಂದ. ಕೆಲಸ ಬಿಡಬೇಕಾಗಿಲ್ಲ. ಸಂಬಳದ ಚೀಟಿ ಇಲ್ಲದಿದ್ದರೆ ಜೊತೆಯವರ ಸಾಕ್ಷಿ, ಹಾಜರಿ ಪುಸ್ತಕದ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ಏನಿದೆಯೋ ಎಲ್ಲ ಕೂಡಿಡಿ. 'ಪರಿಹಾರ ಬೇಡ' ಅಂತ ಬರೆದ ಕಾಗದಕ್ಕೆ ಸಹಿ ಬೇಡ. ಹಾಕಿಸಿಕೊಂಡರೂ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ.

ಎಷ್ಟು ಬರಬಹುದು? ತಿಂಗಳ ಸಂಬಳದ ಶೇ. 60 ಅಂದರೆ 8,400. ಇದನ್ನು ಕಾನೂನಿನ ಪಟ್ಟಿಯಲ್ಲಿ 45 ವಯಸ್ಸಿಗೆ ಕೊಟ್ಟಿರುವ ಅಂಕ 169.44ರಿಂದ ಗುಣಿಸಿದರೆ 14,23,296. ದುಡಿಯುವ ಶಕ್ತಿ ಶೇ. 20 ಹೋಗಿದೆ ಅಂತ ತೀರ್ಮಾನವಾದರೆ ಅದರ ಶೇ. 20, ಸುಮಾರು 2,84,659 ರೂಪಾಯಿ. ವಕೀಲರ ಖರ್ಚಿಗೆ ಹೆದರಬೇಡಿ. ಕಾರ್ಮಿಕರಿಗೆ ಉಚಿತ ಕಾನೂನು ನೆರವು ಇದೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ.

ನಾಳೆಯಿಂದಲೇ ಕಿವಿಗೆ ಇಯರ್ ಮಫ್ ಹಾಕಿಸಿ. ಸುಮ್ನೆ ಹತ್ತಿ ತುರುಕಿದರೆ ಸಾಲದು.

ಪರೀಕ್ಷೆಯ ದಿನ ನೀವೂ ಜೊತೆಗೆ ಹೋಗಿ. ಡಾಕ್ಟರ್ ಕೇಳಿದ್ದು ತಿಳಿಯದಿದ್ದರೂ ಹೂಂ ಅಂತ ತಲೆ ಆಡಿಸಿಬಿಡುತ್ತಾರೆ. ಅಪ್ಪ ಹಾಗೇ ಮಾಡುತ್ತಿದ್ದರು.