ಮದುವೆಯಲ್ಲಿ ತೊಡಿಸುವ ಕಾಲುಂಗುರ ಬೆಳ್ಳಿಯದೇ ಏಕೆ, ಚಿನ್ನದ್ದೇಕಲ್ಲ?

ಚಿನ್ನವನ್ನು ಲಕ್ಷ್ಮಿಯ ಸ್ವರೂಪವೆಂದು ಭಾವಿಸಿ ಸೊಂಟದಿಂದ ಕೆಳಗೆ ತೊಡಬಾರದೆಂಬ ನಂಬಿಕೆ ನಮ್ಮಲ್ಲಿರುವುದರಿಂದ, ತಾಳಿ ಚಿನ್ನದ್ದಾದರೂ ಕಾಲುಂಗುರ, ಕಾಲ್ಗೆಜ್ಜೆಗಳು ಸಾಮಾನ್ಯವಾಗಿ ಬೆಳ್ಳಿಯವೇ ಆಗಿರುತ್ತವೆ. ಕರ್ನಾಟಕದ ಹಲವು ಸಮುದಾಯಗಳಲ್ಲಿ, ಕಲ್ಲಿನ ಮೇಲೆ ಕಾಲಿಟ್ಟ ವಧುವಿನ ಹೆಬ್ಬೆರಳಿನ ಪಕ್ಕದ ಬೆರಳಿಗೆ ವರನು ಬಾಗಿ ಇದನ್ನು ತೊಡಿಸುತ್ತಾನೆ. ಅಲ್ಲಿಂದ ಮುಂದೆ ಅದು ಮುತ್ತೈದೆತನದ ಗುರುತು.

ಬಳಕೆಗೂ ಬೆಳ್ಳಿಯೇ ಅನುಕೂಲ. ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ಅಕ್ಕಸಾಲಿಗರು ಅದಕ್ಕೆ ತುಸು ತಾಮ್ರ ಬೆರೆಸಿ ಗಟ್ಟಿಗೊಳಿಸುತ್ತಾರೆ (ಶೇ. 92.5 ಬೆಳ್ಳಿಯಿರುವ ಮಿಶ್ರಣ ಹೆಚ್ಚು ಪ್ರಚಲಿತ), ಉಂಗುರದ ತುದಿಗಳನ್ನು ಬೆಸೆಯದೆ ಬಿಟ್ಟಿರುವುದರಿಂದ ಬೆರಳು ಊದಿದರೂ ಸಡಿಲಿಸಿಕೊಳ್ಳಬಹುದು. ದಿನವೂ ನೆಲಕ್ಕೆ ಉಜ್ಜಿ ಸವೆಯುವ ಒಡವೆಗೆ ಚಿನ್ನ ದುಬಾರಿಯೂ ಹೌದು. ಈ ಬೆರಳಿನ ನರ ಗರ್ಭಕೋಶಕ್ಕೆ ಸೇರುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದ್ದರೂ ಅದಕ್ಕೆ ವೈದ್ಯಕೀಯ ಆಧಾರವಿಲ್ಲ.