ಹೆಸೆಲ್ಮನ್ ಎಣಿಸಿದ್ದು ಪರಾಗವನ್ನಷ್ಟೇ ಅಲ್ಲ

ಪ್ರಶ್ನೆ: ನಾನು ಅರಣ್ಯಶಾಸ್ತ್ರದ ವಿದ್ಯಾರ್ಥಿ. ಪರಾಗ ಕಡಲ ಮೇಲೆ ಹಾರುವ ಪಾಠದಲ್ಲಿ ಸ್ವೀಡನ್ನಿನ ಹೆಸೆಲ್ಮನ್ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅವರು ಮಾಡಿದ್ದು ಅಷ್ಟೆಯೇ?

ಉತ್ತರ: ಅಷ್ಟೇ ಅಲ್ಲ; ನನ್ನ ದೃಷ್ಟಿಯಲ್ಲಿ ಅದು ಅವರ ದೊಡ್ಡ ಕೆಲಸವೂ ಅಲ್ಲ. ಹೆನ್ರಿಕ್ ಹೆಸೆಲ್ಮನ್ (1874–1943) ಮೂಲತಃ ಸಸ್ಯವಿಜ್ಞಾನಿ. 1898ರಲ್ಲಿ ಧ್ರುವ ಅನ್ವೇಷಕ ನಾಥೋರ್ಸ್ಟ್ ಅವರ ತಂಡದೊಂದಿಗೆ ಉತ್ತರ ಧ್ರುವದ ಕಡೆಯ ಸ್ಪಿಟ್ಸ್‌ಬರ್ಗನ್ ದ್ವೀಪಕ್ಕೆ ಹೋಗಿ ಬಂದರು. 1902ರಲ್ಲಿ ಹುಟ್ಟಿದ ಸ್ವೀಡನ್ನಿನ ಸರ್ಕಾರಿ ಅರಣ್ಯ ಪ್ರಯೋಗ ಸಂಸ್ಥೆಯನ್ನು ಆರಂಭದ ಕಾಲದಲ್ಲೇ ಸೇರಿ, ಬದುಕನ್ನು ಅಲ್ಲಿಯೇ ಸವೆಸಿದರು.

ಉತ್ತರ ಸ್ವೀಡನ್ನಿನಲ್ಲಿ ಕಾಡುಗಳು ಜೌಗಾಗುತ್ತಾ ಸೊರಗುತ್ತಿದ್ದವು. ನೀರು ಹೆಚ್ಚಾಯಿತು ಎಂದು ಸುಮ್ಮನಾಗದೆ, ಹೆಸೆಲ್ಮನ್ ಆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆದರು. ಹರಿಯುವ ನೀರಿನಲ್ಲಿ ಅದು ಧಾರಾಳವಾಗಿತ್ತು. ಪಾಚಿಯಡಿ ನಿಂತ ನೀರಿನಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಬೇರುಗಳಿಗೆ ಉಸಿರುಕಟ್ಟುತ್ತಿತ್ತು. ಇದು 1910ರ ಬರಹ.

ಇನ್ನೊಂದು ಒಗಟು, ಸೂಜಿಯೆಲೆಯ ಮರಗಳ ಬುಡದಲ್ಲಿ ದಪ್ಪನಾಗಿ ಕೂಡಿಕೊಳ್ಳುವ ತರಗಿನ ಹೊದಿಕೆ. ಅದರೊಳಗೆ ಸಾರಜನಕವಿದೆ, ಸಸಿಗೆ ಮಾತ್ರ ದಕ್ಕುವುದಿಲ್ಲ. ಮರ ಕಡಿದು ಬಿಸಿಲು ಬಿದ್ದ ಜಾಗದಲ್ಲಿ ಏನಾಗುತ್ತದೆ ಎಂದು ಅವರು ಅಲ್ಲಿ ತಾನಾಗಿ ಎದ್ದ ಕಾಡು ರಾಸ್ಪ್‌ಬೆರಿ, ಫೈರ್‌ವೀಡ್‌ಗಳನ್ನೇ ಪರೀಕ್ಷಿಸಿದರು. ಡೈಫಿನೈಲಮೈನ್ ಎಂಬ ರಾಸಾಯನಿಕ ಬೆರೆತ ಗಂಧಕಾಮ್ಲವನ್ನು ಗಿಡಕ್ಕೆ ತಾಕಿಸಿದರೆ, ಒಳಗೆ ನೈಟ್ರೇಟ್ (ಗಿಡಕ್ಕೆ ದಕ್ಕುವ ರೂಪದ ಸಾರಜನಕ) ಇದ್ದಲ್ಲಿ ನೀಲಿ ಬಣ್ಣ ಬರುತ್ತದೆ. ಬಂತು. ಅರಣ್ಯಾಧಿಕಾರಿಗಳು ಕಳೆ ಎಂದು ಬೈಯುವ ಗಿಡಗಳೇ ಹೊದಿಕೆಯೊಳಗಿನ ಸಾರಜನಕ ಬಿಡುಗಡೆಯಾದ ಸುದ್ದಿ ಹೇಳುತ್ತಿದ್ದವು! 1917ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು 1926ರಲ್ಲಿ ಇನ್ನಷ್ಟು ವಿಸ್ತರಿಸಿದರು. ಕಡಿದ ಕಾಡು ಮತ್ತೆ ಬೆಳೆಯಬೇಕಾದರೆ ಆ ಹೊದಿಕೆಯನ್ನು ಕೆದಕಬೇಕೇ, ಸುಡಬೇಕೇ ಎಂಬ ಚರ್ಚೆಗೆ ಗಟ್ಟಿ ನೆಲೆ ಸಿಕ್ಕಿದ್ದು ಇಲ್ಲಿಂದ.

ಇನ್ನು ನಿಮ್ಮ ಪಾಠದ ಪರಾಗ. 1916ರಲ್ಲಷ್ಟೇ ಸ್ವೀಡನ್ನಿನ ಭೂವಿಜ್ಞಾನಿ ಲೆನಾರ್ಟ್ ಫಾನ್ ಪೋಸ್ಟ್, ಜೌಗಿನ ಪದರಗಳಲ್ಲಿ ಉಳಿದ ಪರಾಗ ಎಣಿಸಿ ಹಳೆಯ ಕಾಡುಗಳ ಚರಿತ್ರೆ ಓದುವ ದಾರಿ ತೋರಿಸಿದ್ದರು. ಆದರೆ ಗಾಳಿ ಪರಾಗವನ್ನು ಎಷ್ಟು ದೂರ ಒಯ್ಯುತ್ತದೆ? ಅದನ್ನು ತಿಳಿಯಲು 1918ರಲ್ಲಿ ಹೆಸೆಲ್ಮನ್, ಸ್ವೀಡನ್ ಮತ್ತು ಫಿನ್‌ಲೆಂಡ್ ನಡುವಿನ ಬೋತ್ನಿಯಾ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಎರಡು ದೀಪದ ಹಡಗುಗಳ (ದೀಪಸ್ತಂಭದಂತೆ ನಾವಿಕರಿಗೆ ದಾರಿ ತೋರುವ ಹಡಗುಗಳ) ಮೇಲೆ ಗಾಜಿನ ತಟ್ಟೆಗಳನ್ನಿಡಿಸಿದರು. ಒಂದು ಹಡಗು ದಡದಿಂದ ಸುಮಾರು 30 ಕಿ.ಮೀ., ಇನ್ನೊಂದು 55 ಕಿ.ಮೀ. ದೂರ. ಸ್ಪ್ರೂಸ್, ಪೈನ್, ಬರ್ಚ್ ಈ ಮೂರು ಮರಗಳ ಪರಾಗವೂ ಎರಡರಲ್ಲೂ ಬಿತ್ತು. ಹಾಗಾಗಿ ಜೌಗಿನಲ್ಲಿ ನಾಲ್ಕಾರು ಸ್ಪ್ರೂಸ್ ಕಣಗಳು ಸಿಕ್ಕ ಮಾತ್ರಕ್ಕೆ ಅಲ್ಲಿ ಸ್ಪ್ರೂಸ್ ಕಾಡಿತ್ತು ಎನ್ನಲಾಗದು.